ಮಗಳಿಗೊಂದು ಪತ್ರ: ಉಪ್ಪುನೀರಿನ ಭರಣಿ

ಪುಟ್ಟೀ,

ಕಾಸರಗೋಡಿನಲ್ಲಿ ರೈಲು ಹತ್ತುವಾಗ ನೀನು ನನ್ನ ಮುಖ ನೋಡಲಿಲ್ಲ. ನಿನ್ನ ರೂಮಿನ ಹುಡುಗಿಗೆ ಫೋನ್ ಮಾಡಿ ನಿನ್ನ ಅಡ್ರಿನಲ್ ಕಾಯಿಲೆಯ ವಿಷಯ ಹೇಳಿದ್ದು ತಪ್ಪೇ. ನಿನ್ನನ್ನು ಕೇಳಬೇಕಿತ್ತು. ಆದರೆ ಬೆಂಗಳೂರಿನಲ್ಲಿ ನೀನು ತಲೆತಿರುಗಿ ಬಿದ್ದರೆ ಯಾರಿಗೆ ಗೊತ್ತಾಗಬೇಕು, ಹೇಳು?

ಆಸ್ಪತ್ರೆಯ ಆ ವಾರದ ಬಗ್ಗೆ ಬರೆಯುವುದಿಲ್ಲ. ನಿನಗೂ ನೆನಪುಂಟು. ನನ್ನ ತಲೆಯಿಂದ ಹೋಗದ್ದು ಆ ಭರಣಿ. ನೀನು ಮಧ್ಯರಾತ್ರಿ ಎದ್ದು ಉಪ್ಪುಮಾವಿನಕಾಯಿಯ ನೀರನ್ನು ಸೌಟಿನಲ್ಲಿ ತೆಗೆದು ಕುಡಿಯುತ್ತಿದ್ದೆ. ಮಾವಿನಕಾಯಿ ಬೇಡ, ನೀರು ಮಾತ್ರ. ಒದ್ದೆ ಸೌಟು ಹಾಕಿ ಭರಣಿ ಹಾಳು ಮಾಡಿದೆ ಅಂತ ಬೈದೆ. ಒಂದು ರಾತ್ರಿ ಕೈಗೆ ಹೊಡೆದೂಬಿಟ್ಟೆ. ಆ ಕೈ ಕಪ್ಪಾಗಿತ್ತು. ಬಿಸಿಲಿಗೆ ಅಂದುಕೊಂಡು ಕಡಲೆಹಿಟ್ಟು ಹಚ್ಚಿದ್ದೆ. ಅಂಗೈಯ ಗೆರೆಯೂ ಕಪ್ಪಾಗಿತ್ತಲ್ಲ, ಅಲ್ಲಿಗೆ ಎಲ್ಲಿಯ ಬಿಸಿಲು? ಮೂತ್ರಪಿಂಡದ ಮೇಲೆ ಕೂತಿರುವ ಆ ಅಡ್ರಿನಲ್ ಗ್ರಂಥಿ ಸೋತರೆ ಮೈಯಲ್ಲಿ ಉಪ್ಪು ನಿಲ್ಲುವುದಿಲ್ಲವಂತೆ, ಚರ್ಮವೂ ಕಪ್ಪಾಗುತ್ತದಂತೆ. ನಿನ್ನ ಮೈ ಉಪ್ಪು ಕೇಳುತ್ತಿತ್ತು, ನಾನು ಸೌಟಿನ ಲೆಕ್ಕ ಹಾಕುತ್ತಿದ್ದೆ.

ಮೊಣಕೈಯಲ್ಲಿ ಬಿಳಿ ಕಲೆ ಬಂದಾಗ ನಾಗನಿಗೆ ತಂಬಿಲ ಮಾಡಿಸಿದೆವು. ಅದೂ ಇದೇ ಗುಂಪಿನದ್ದು, ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಮೇಲೆ ತಿರುಗಿಬೀಳುವ ಕಾಯಿಲೆ ಅಂತ ಯಾರಿಗೆ ಗೊತ್ತಿತ್ತು? ಮೊದಲು ನೋಡಿದ ಡಾಕ್ಟರು ಥೈರಾಯ್ಡ್ ಒಂದನ್ನೇ ಹಿಡಿದರು. ಆ ಮಾತ್ರೆ ಶುರು ಮಾಡಿದ ಮೇಲೆ ನೀನು ಇನ್ನೂ ಬಾಡಿದೆ. ಅಡ್ರಿನಲ್ ಕೆಟ್ಟವರಿಗೆ ಮೊದಲು ಆ ಗ್ರಂಥಿ ಕೊಡದ ಸ್ಟೀರಾಯ್ಡ್ ಕೊಡಬೇಕು, ಥೈರಾಯ್ಡ್ ಮಾತ್ರೆ ಆಮೇಲೆ. ಅಡ್ರಿನಲ್, ಥೈರಾಯ್ಡ್ ಎರಡೂ ಒಬ್ಬರಿಗೇ ಕೆಡುವುದನ್ನು ಶ್ಮಿಟ್ ಎಂಬ ಡಾಕ್ಟರು 1926ರಲ್ಲೇ ಬರೆದಿಟ್ಟಿದ್ದರು. ಹಾಗಂತ ಡಾಕ್ಟರನ್ನು ದೂರಿ ಏನು, ಭರಣಿ ಇದ್ದದ್ದು ನನ್ನ ಅಡುಗೆಕೋಣೆಯಲ್ಲಿ.

ಉಪದೇಶ ಮಾಡುವುದಿಲ್ಲ ಅಂತ ಕೂತೆ. ಆದರೂ ಕೇಳು. ಸ್ಟೀರಾಯ್ಡ್ ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡ. ಜ್ವರ ಬಂದರೆ ಡಾಕ್ಟರು ಹೇಳಿದ ಹಾಗೆ ಎರಡು ಪಟ್ಟು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಸ್ಟೀರಾಯ್ಡ್ ಇಂಜೆಕ್ಷನ್ ಚುಚ್ಚಿಕೊಂಡು ಸೀದಾ ಆಸ್ಪತ್ರೆಗೆ. ಬೆಳಿಗ್ಗೆ ಸರಿಯಾದೀತು ಅಂತ ಮಲಗಬೇಡ ಮಾರಾಯ್ತಿ. ಸಕ್ಕರೆ ಕಾಯಿಲೆಯೂ ಈ ಗುಂಪಿನಲ್ಲಿ ಉಂಟು, ರಕ್ತ ಪರೀಕ್ಷೆ ಬಿಡಬೇಡ. ಬಾಯಾರಿಕೆ ಜಾಸ್ತಿಯಾದರೆ ಹೇಳು. ಸುಮ್ನೆ ಹೆದರುತ್ತೇನೆ ಅಂತ ನಗಬೇಡ.

ನೀನು ಮೂಸಂಬಿಗೆ ಚುಚ್ಚಿ ಚುಚ್ಚಿ ಇಂಜೆಕ್ಷನ್ ಕಲಿತೆಯಲ್ಲ, ಆಗ ನಾನು ಹಟ್ಟಿಗೆ ಹೋಗಿ ನಿಂತಿದ್ದೆ. ಅಪ್ಪ ಮಾತ್ರ ಊರಿಗೆಲ್ಲ ಹೇಳಿಕೊಂಡು ಬಂದರು.

ರೂಮಿನ ಹುಡುಗಿಗೆ ನಾನಿನ್ನು ಫೋನ್ ಮಾಡುವುದಿಲ್ಲ. ಇಂಜೆಕ್ಷನ್ ಎಲ್ಲಿ ಇಟ್ಟಿದ್ದೀ ಅಂತ ನೀನೇ ಅವಳಿಗೆ ತೋರಿಸು. ಬ್ಯಾಗಿನ ತಳದಲ್ಲಿ ಒಂದು ಬಾಟಲಿ ಉಂಟು, ಸೋರದ ಹಾಗೆ ಎರಡು ಪ್ಲಾಸ್ಟಿಕ್ ಸುತ್ತಿದ್ದೇನೆ. ಮಾವಿನಕಾಯಿ ಹಾಕಿಲ್ಲ.

ಅಮ್ಮ