ಜಿಎಸ್‌ಟಿಗೆ ಸೇವಾದಾರ, ಕಾರ್ಮಿಕನಿಗೆ ಬರೀ ಮಧ್ಯವರ್ತಿ

ಮಾನ್ಯ ಸಂಪಾದಕರೇ,

ಆ್ಯಪ್ ಆಧಾರಿತ ಕಾರ್ಮಿಕರಿಗಾಗಿ ರಾಜ್ಯ ಸರ್ಕಾರ 2025ರಲ್ಲಿ ತಂದ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯ ಬಗ್ಗೆ ನಡೆಯುವ ಚರ್ಚೆ ಹೆಚ್ಚಾಗಿ ಕಾರ್ಮಿಕರ ಕಲ್ಯಾಣಕ್ಕೆಂದು ಕಂಪನಿಗಳು ಕಟ್ಟಬೇಕಾದ ಶುಲ್ಕ ಎಷ್ಟು, ಅದು ಕೊನೆಗೆ ಗ್ರಾಹಕರ ತಲೆಗೇ ಬರುತ್ತದೆಯೇ ಎಂಬುದರ ಸುತ್ತ ನಿಂತಿದೆ. ಊಟ, ದಿನಸಿ ತಂದುಕೊಡುವ ಹುಡುಗ ಕಾನೂನಿನ ಪ್ರಕಾರ ಯಾರು ಎಂಬ ಮೊದಲ ಪ್ರಶ್ನೆಯೇ ಇನ್ನೂ ಇತ್ಯರ್ಥವಾಗಿಲ್ಲ.

ನಾನು ಬಹುಕಾಲ ತೆರಿಗೆ ಸಲಹೆಗಾರನಾಗಿದ್ದವನು. ನಿವೃತ್ತನಾದ ಮೇಲೂ ನಮ್ಮ ಬಡಾವಣೆಯ ಕೆಲವು ಡೆಲಿವರಿ ಹುಡುಗರ ರಿಟರ್ನ್ಸ್ ತುಂಬಿಕೊಡುತ್ತೇನೆ. ಕಳೆದ ವರ್ಷ ಲಿಂಗಸುಗೂರಿನ ಕಡೆಯ ಯುವಕನೊಬ್ಬ ಎದುರು ಕುಳಿತಿದ್ದಾಗ ಅರ್ಜಿಯಲ್ಲಿ ವ್ಯಾಪಾರದ ಹೆಸರು ಕೇಳುವ ಅಂಕಣ ಬಂತು. ಏನು ಬರೆಯಲಿ ಎಂದೆ. ‘ನಾನ್ಯಾವ ವ್ಯಾಪಾರ ಮಾಡ್ತೀನಿ ಸರ್, ಅವರು ಹೇಳಿದ ಕಡೆ ಹೋಗ್ತೀನಿ’ ಎಂದ. ದರ ಗೊತ್ತುಮಾಡುವುದು ಕಂಪನಿ, ಆರ್ಡರ್ ಹಂಚುವುದು ಕಂಪನಿ, ರೇಟಿಂಗ್ ಇಳಿದರೆ ಐಡಿ ಬ್ಲಾಕ್ ಮಾಡುವುದೂ ಕಂಪನಿ. ಆದಾಯ ತೆರಿಗೆಯ ಕಡತದಲ್ಲಿ ಮಾತ್ರ ಈತ ಸ್ವತಂತ್ರ ವ್ಯಾಪಾರಿ.

ಜಿಎಸ್‌ಟಿ ಕಾಯ್ದೆ ಇದಕ್ಕೆ ಪೂರಾ ಉಲ್ಟಾ ಹೇಳುತ್ತದೆ. ಆ್ಯಪ್ ಮೂಲಕ ನಡೆಯುವ ಕೆಲವು ಸೇವೆಗಳಲ್ಲಿ, ಸೇವೆ ಕೊಟ್ಟದ್ದು ಆ್ಯಪ್ ಕಂಪನಿಯೇ ಎಂದು ಭಾವಿಸಿ ಅದರಿಂದಲೇ ತೆರಿಗೆ ವಸೂಲು ಮಾಡಬೇಕು ಎನ್ನುತ್ತದೆ ಅದರ 9(5)ನೇ ಕಲಂ. ಟ್ಯಾಕ್ಸಿ ಪ್ರಯಾಣಕ್ಕೆ ಇದು 2017ರಿಂದ, ಹೋಟೆಲ್ ಊಟಕ್ಕೆ 2022ರ ಜನವರಿಯಿಂದ ಅನ್ವಯಿಸುತ್ತಿದೆ. ಡೆಲಿವರಿ ಮಾಡುವವನಿಗೆ ಜಿಎಸ್‌ಟಿ ನೋಂದಣಿಯ ಅಗತ್ಯವಿಲ್ಲದ ಸ್ಥಳೀಯ ಡೆಲಿವರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18ರ ದರದಲ್ಲಿ ಅನ್ವಯವಾಗಿದೆ. ಅಂದರೆ ಬೊಕ್ಕಸಕ್ಕೆ ಹಣ ಬರಬೇಕಾದಾಗ ಆ ಡೆಲಿವರಿ ಕಂಪನಿಯದು. ಹುಡುಗ ಸಿಗ್ನಲ್‌ನಲ್ಲಿ ಬಿದ್ದು ಕಾಲು ಮುರಿದುಕೊಂಡಾಗ ಅದು ಅವನ ಸ್ವಂತ ವ್ಯವಹಾರ. ಲೆಕ್ಕ ನೋಡಿ: ಗ್ರಾಹಕರಿಂದ 40 ರೂಪಾಯಿ ಡೆಲಿವರಿ ಶುಲ್ಕ ಪಡೆದರೆ ಅದರ ಮೇಲಿನ ಜಿಎಸ್‌ಟಿ 7 ರೂಪಾಯಿ 20 ಪೈಸೆ. ಅದೇ ಕೆಲಸಕ್ಕೆ ಕಾರ್ಮಿಕನಿಗೆ 40 ರೂಪಾಯಿ ಸಂದರೆ, ಅವನಿಗೆ ಪಾವತಿಸುವ ಮೊತ್ತದ ಶೇ 1ರಿಂದ 5ರವರೆಗೆ ಎಂದು ನಮ್ಮ ರಾಜ್ಯದ ಕಾಯ್ದೆ ಹೇಳುವ ಕಲ್ಯಾಣ ಶುಲ್ಕ ಕನಿಷ್ಠ 40 ಪೈಸೆ, ಗರಿಷ್ಠ 2 ರೂಪಾಯಿ.

ಕಾಯ್ದೆಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಕೆಲಸದಿಂದ ತೆಗೆಯುವ ಮುನ್ನ ಲಿಖಿತ ಕಾರಣದೊಂದಿಗೆ 14 ದಿನಗಳ ನೋಟಿಸ್ ಕೊಡಬೇಕೆಂಬ ನಿಯಮ, ರಾತ್ರೋರಾತ್ರಿ ಐಡಿ ಕಳೆದುಕೊಂಡವರನ್ನು ಕಂಡ ನನಗೆ, ಸಣ್ಣದೆನಿಸುವುದಿಲ್ಲ. ಆದರೆ ಕೇಂದ್ರದ 2020ರ ಸಾಮಾಜಿಕ ಭದ್ರತಾ ಸಂಹಿತೆ ಇಂಥವರನ್ನು ಒಳಗೊಂಡ ‘ಗಿಗ್ ಕಾರ್ಮಿಕ’ನನ್ನು ಮಾಲೀಕ-ನೌಕರ ಸಂಬಂಧದ ಆಚೆ ದುಡಿಯುವವನೆಂದೇ ವ್ಯಾಖ್ಯಾನಿಸಿದೆ. ರಾಜ್ಯದ ಕಾಯ್ದೆಯೂ ಅವನನ್ನು ನೌಕರನೆಂದು ಒಪ್ಪಿಲ್ಲ. ಹೀಗಾಗಿ ಕನಿಷ್ಠ ವೇತನ, ಕೆಲಸದ ಅವಧಿಯ ಮಿತಿ, ಪಿಎಫ್ ಎಲ್ಲವೂ ಹೊರಗೇ ಉಳಿದಿವೆ. ನ್ಯಾಯಾಲಯದಲ್ಲೂ ಉತ್ತರ ಗಟ್ಟಿಯಾಗಿಲ್ಲ. ಲೈಂಗಿಕ ಕಿರುಕುಳದ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್‌ನ ಏಕಸದಸ್ಯ ಪೀಠ 2024ರ ಸೆಪ್ಟೆಂಬರ್‌ನಲ್ಲಿ ಆ್ಯಪ್ ಟ್ಯಾಕ್ಸಿಯ ಚಾಲಕನನ್ನು, ಆ ಪ್ರಕರಣದ ಕಾಯ್ದೆಯ ಮಟ್ಟಿಗೆ, ಕಂಪನಿಯ ಉದ್ಯೋಗಿಯೆಂದೇ ಪರಿಗಣಿಸಿತು. ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ನೀಡಿತು.

ನೌಕರರೆಂದು ಒಪ್ಪಿಬಿಟ್ಟರೆ ಬೇಕಾದಾಗ ಲಾಗಿನ್ ಆಗುವ ಸ್ವಾತಂತ್ರ್ಯ ಹೋಗುತ್ತದೆ, ತೆರಿಗೆ ವ್ಯವಸ್ಥೆಯೂ ಅಡಿಮೇಲಾಗುತ್ತದೆ ಎಂಬ ವಾದವಿದೆ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಉಬರ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಇದಕ್ಕೆ ಉತ್ತರವಾಗಬಲ್ಲದು. ಒಪ್ಪಂದದ ಕಾಗದದಲ್ಲಿ ಏನಿದೆ ಎಂಬುದಕ್ಕಿಂತ ಹಿಡಿತ ಯಾರ ಕೈಯಲ್ಲಿದೆ ಎಂಬುದನ್ನು ನೋಡಿದ ನ್ಯಾಯಾಲಯ, ಚಾಲಕರಿಗೆ ಕನಿಷ್ಠ ವೇತನ ಮತ್ತು ಸಂಬಳಸಹಿತ ರಜೆಯ ಹಕ್ಕಿದೆ ಎಂದಿತು. ಅವರು ಆದಾಯ ತೆರಿಗೆಗೆ ಇಂದಿಗೂ ಸ್ವಉದ್ಯೋಗಿಗಳೇ. ಹಕ್ಕು ಕೊಡುವುದಕ್ಕೆ ತೆರಿಗೆಯ ಹಣೆಪಟ್ಟಿ ಅಡ್ಡಿಯಾಗಲಿಲ್ಲ.

ಇನ್ನು ಆದಾಯ ತೆರಿಗೆಯ ಮಾತು. ಈ ಹುಡುಗರ ದುಡಿಮೆಗೆ ತೆರಿಗೆಯೇ ಬೀಳುವುದಿಲ್ಲ. ತೊಂದರೆ ಇರುವುದು ಕಾಗದಪತ್ರದಲ್ಲಿ. ಗುತ್ತಿಗೆದಾರನಿಗೆ ಕೊಡುವ ಹಣವೆಂದು ಶೇ 1ರಷ್ಟು ಟಿಡಿಎಸ್ (ಪಾವತಿಯ ಹೊತ್ತಿನಲ್ಲೇ ಕಡಿತವಾಗುವ ತೆರಿಗೆ) ಮುರಿದುಕೊಂಡರೆ, ವರ್ಷಕ್ಕೆ 2.8 ಲಕ್ಷ ರೂಪಾಯಿ ಪಡೆಯುವವನ 2,800 ರೂಪಾಯಿ ಇಲಾಖೆಯಲ್ಲಿ ಕೂರುತ್ತದೆ. ಅದನ್ನು ವಾಪಸ್ ಪಡೆಯಲು ರಿಟರ್ನ್ಸ್ ಸಲ್ಲಿಸಲೇಬೇಕು, ತುಂಬಿಕೊಡುವ ಅಂಗಡಿಯವನಿಗೆ ಶುಲ್ಕ ತೆರಬೇಕು. ಮುರಿದುಕೊಂಡದ್ದೇ ಗೊತ್ತಿಲ್ಲದೆ ಬಿಟ್ಟವರನ್ನೂ ನೋಡಿದ್ದೇನೆ. ಮೇಲೆ ಹೇಳಿದ ಯುವಕ ಸ್ಕೂಟರ್ ಸಾಲಕ್ಕೆ ಹೋದಾಗ ಬ್ಯಾಂಕು ಸಂಬಳದ ಚೀಟಿ ಕೇಳಿತು, ಇಲ್ಲವೆಂದದ್ದಕ್ಕೆ ಮೂರು ವರ್ಷದ ರಿಟರ್ನ್ಸ್ ಕೇಳಿತು. ದಿನಕ್ಕೆ ಹನ್ನೆರಡು ತಾಸು ದುಡಿಯುವವನ ಬಳಿ ಎರಡೂ ಇರಲಿಲ್ಲ.

ರಾಜ್ಯದ ಕಾಯ್ದೆಯಡಿ ಪ್ರತಿ ಪಾವತಿ ಮತ್ತು ಕಲ್ಯಾಣ ಶುಲ್ಕವನ್ನು ಪರಿಶೀಲಿಸುವ ವ್ಯವಸ್ಥೆಗೆ ಅವಕಾಶವಿದೆ. ಅದೇ ಮಾಹಿತಿಯಿಂದ ಪ್ರತಿಯೊಬ್ಬ ಕಾರ್ಮಿಕನಿಗೂ ಲಾಗಿನ್ ಆಗಿದ್ದ ಅವಧಿ, ಸಂದ ಹಣ ಮತ್ತು ಕಡಿತವಾದ ತೆರಿಗೆಯನ್ನು ನಮೂದಿಸಿದ ವಾರ್ಷಿಕ ಪ್ರಮಾಣಪತ್ರವನ್ನು ಕನ್ನಡದಲ್ಲಿ ಕೊಡುವಂತೆ ಕಾರ್ಮಿಕ ಇಲಾಖೆ ನಿಯಮ ರೂಪಿಸಬೇಕು. ಲಾಗಿನ್ ಅವಧಿ ಸರ್ಕಾರಿ ಕಾಗದದಲ್ಲಿ ಒಮ್ಮೆ ದಾಖಲಾದರೆ, ಗಂಟೆಗೆ ಇವನಿಗೆ ಸಿಕ್ಕಿದ್ದೆಷ್ಟು, ಕನಿಷ್ಠ ವೇತನ ಎಷ್ಟು ಎಂಬುದನ್ನು ಹೋಲಿಸಿ ನೋಡಲು ಯಾವ ಸಮಿತಿಯೂ ಬೇಕಾಗುವುದಿಲ್ಲ.

— ನಿವೃತ್ತ ತೆರಿಗೆ ಸಲಹೆಗಾರ, ಲಗ್ಗೆರೆ, ಬೆಂಗಳೂರು