ಶಂಕರಘಟ್ಟವೋ ಬೆಂಗಳೂರೋ

ಚಿ. ಪುಟ್ಟಿಗೆ ಆಶೀರ್ವಾದಗಳು.

ಎಂಎಸ್ಸಿಗೆ ಬೆಂಗಳೂರಿನ ಜೊತೆ ಶಂಕರಘಟ್ಟಕ್ಕೂ ಅರ್ಜಿ ಹಾಕಬೇಕೆಂದಿದ್ದೀಯಂತೆ, ಅಪ್ಪನಿಗೆ ಅದು ರುಚಿಸಿಲ್ಲವಂತೆ. ಅವನಿಗೆ ನಾನು ಹೇಳಿಕೊಳ್ಳುತ್ತೇನೆ. ಸಸ್ಯಶಾಸ್ತ್ರದ ಎಂಎಸ್ಸಿ, ಅದರಲ್ಲೂ ಅಡಿಕೆಯ ಕೊಳೆರೋಗದ ಮೇಲೆ ಕೆಲಸ ಮಾಡುವ ಆಸೆ ಇರುವವಳಿಗೆ ನಾನು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವನ್ನೇ ಹೇಳುವುದು. ಶಿವಮೊಗ್ಗದಿಂದ 28 ಕಿ.ಮೀ., ಸುತ್ತ ಭದ್ರಾ ಕಾಡು, ಹೊರಟರೆ ಗಂಟೆಯೊಳಗೆ ತೋಟ.

ತೋಟ ಹೀಗೆ ಹತ್ತಿರವಿರುವುದು ಎಷ್ಟು ಮುಖ್ಯ ಅಂತ ಲ್ಯಾಬಿಗೆ ಕಾಲಿಟ್ಟ ಮೇಲೆ ಗೊತ್ತಾಗುತ್ತದೆ. ಕೊಳೆ ತರುವುದು ಫೈಟಾಫ್ತೊರಾ ಎಂಬ, ಶಿಲೀಂಧ್ರದಂಥ ಸೂಕ್ಷ್ಮಜೀವಿ. ಎಳೆಗಾಯಿಯ ತೊಟ್ಟಿನ ಬಳಿ ನೀರು ಕುಡಿದಂಥ ಕಡುಹಸಿರು ಮಚ್ಚೆ ಕಂಡ ದಿನವೇ ಕಾಯಿ ಕೊಯ್ದು ತರಬೇಕು. ಮಚ್ಚೆಯೂ ಒಳ್ಳೆಯ ಭಾಗವೂ ಸೇರುವ ಅಂಚಿನಲ್ಲಿ 5 ಮಿ.ಮೀ. ತುಂಡು ಕತ್ತರಿಸಿ, ಆಂಟಿಬಯೋಟಿಕ್ ಬೆರೆಸಿದ ಕ್ಯಾರೆಟ್ ಅಗಾರ್ (ಸೂಕ್ಷ್ಮಜೀವಿ ಬೆಳೆಸುವ ಜೆಲ್ಲಿ) ಮೇಲಿಡಬೇಕು. ಅದೇ ಕಾಯಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಒಯ್ದರೆ ಬೆಳಗ್ಗೆ ಬ್ಯಾಕ್ಟೀರಿಯಾ, ಫ್ಯುಸೇರಿಯಂ ಎಂಬ ಬೂಷ್ಟು ಮುಂದೆ ಓಡಿರುತ್ತವೆ, ನಿನಗೆ ಬೇಕಾದದ್ದು ಮಾತ್ರ ಸಿಗುವುದಿಲ್ಲ. ನೆಲಕ್ಕುದುರಿದ ಕಾಯಿಯನ್ನಂತೂ ಆರಿಸಲೇಬೇಡ. ಬೋರ್ಡೊ ಹೊಡೆದು ಎಷ್ಟು ದಿನವಾಯಿತು ಅಂತ ತೋಟದವರನ್ನು ಕೇಳಿ ಬರೆದಿಟ್ಟುಕೋ. ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣದ ಆ ದ್ರಾವಣ ಕಾಯಿಗೆ ಅಂಟಿದ್ದರೆ ಫೈಟಾಫ್ತೊರಾ ಬೆಳೆಯಲು ಸತಾಯಿಸುತ್ತದೆ.

ಹೆಚ್ಚಿನವರು ಎಡವುವುದು ಕ್ಯಾಲೆಂಡರಿನಲ್ಲಿ. ಪ್ರಾಜೆಕ್ಟ್ ಬರುವುದು ನಾಲ್ಕನೇ ಸೆಮಿಸ್ಟರಿಗೆ, ಕೊಳೆ ಬರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಬೇಸಿಗೆಯಲ್ಲಿ ಗೈಡ್ ವಿಷಯ ಕೊಟ್ಟಾಗ ತೋಟದಲ್ಲಿ ಕೊಳೆಯೇ ಇರುವುದಿಲ್ಲ. ಎರಡು ವರ್ಷದಲ್ಲಿ ನಿನ್ನ ಕೈಗೆ ಸಿಗುವುದು ಒಂದೇ ಪೂರ್ತಿ ಮಳೆಗಾಲ. ಎರಡನೇ ಸೆಮಿಸ್ಟರಿನಲ್ಲೇ ಗೈಡ್ ಹತ್ತಿರ ಮಾತಾಡಿ, ಆ ಮಳೆಗೆ ಕಲ್ಚರ್ (ಲ್ಯಾಬಿನಲ್ಲಿ ಬೆಳೆಸಿದ ಜೀವಿ) ಮಾಡಿಟ್ಟುಕೋ. ಫ್ರಿಜ್ಜಿನಲ್ಲಿ 4 ಡಿಗ್ರಿಗೆ ಇಡಬೇಡ, ಈ ಜಾತಿ ಆ ಚಳಿಗೆ ಎಷ್ಟೋ ಸಲ ಸತ್ತುಹೋಗುತ್ತದೆ. ಸ್ಟೆರೈಲ್ ನೀರಿನ ಟ್ಯೂಬಿನಲ್ಲಿ ಕಲ್ಚರಿನ ತುಂಡುಗಳನ್ನು ಮುಳುಗಿಸಿ ತಂಪಾದ ಕೋಣೆಯಲ್ಲಿಡು. ಕಾಡಿನೊಳಗೆ ಕೆಲಸ ಮಾಡಬೇಕಿದ್ದರೆ ಅರಣ್ಯ ಇಲಾಖೆಯ ಅನುಮತಿಗೆ ತಿಂಗಳುಗಟ್ಟಲೆ ಕಾಯಬೇಕು. ಅಡಿಕೆ ತೋಟಕ್ಕೆ ಮಾಲೀಕರ ಒಪ್ಪಿಗೆ ಸಾಕು, ಜೊತೆಗೆ ಕಾಫಿಯೂ ಸಿಗುತ್ತದೆ.

ಕೊರತೆಗಳೂ ಇವೆ. ಸಣ್ಣ ವಿಶ್ವವಿದ್ಯಾಲಯಗಳಲ್ಲಿ ಕಾಯಂ ಹುದ್ದೆ ಖಾಲಿ ಬಿದ್ದು ಅತಿಥಿ ಉಪನ್ಯಾಸಕರ ಮೇಲೆ ವಿಭಾಗ ನಡೆಯುವುದುಂಟು, ಫಲಿತಾಂಶ ತಡವಾಗುವುದುಂಟು. ಹಾಗಾಗಿ ಮೊದಲು ಪಿಎಚ್‌ಡಿ ಪ್ರಬಂಧಗಳ ಜಾಲತಾಣ ಶೋಧಗಂಗಾ ತೆರೆದು, ವಿಶ್ವವಿದ್ಯಾಲಯ, ಆಮೇಲೆ ವಿಭಾಗ, ಆಮೇಲೆ ಗೈಡ್ ಹೆಸರು ಹಿಡಿದು ಪ್ರಬಂಧಗಳನ್ನು ನೋಡು. ಇತ್ತೀಚಿನ ಐದಾರು ವರ್ಷದಲ್ಲಿ ನಿನ್ನ ವಿಷಯದ ಹತ್ತಿರದ್ದು ಒಂದೂ ಇಲ್ಲದಿದ್ದರೆ ನನ್ನ ಮಾತು ಬಿಟ್ಟುಬಿಡು. ಡಿಎನ್ಎ ಸೀಕ್ವೆನ್ಸಿಂಗಿಗೆ ಸ್ಯಾಂಪಲ್ ಹೊರಗೆ ಕಳಿಸಬೇಕಾದೀತು, ಖರ್ಚು ಯಾರದೆಂದು ಮೊದಲೇ ಕೇಳು.

ಉಪನ್ಯಾಸಕ ಹುದ್ದೆಗೂ ಸಂಶೋಧನಾ ವೇತನಕ್ಕೂ ಇರುವ ರಾಷ್ಟ್ರೀಯ ಪರೀಕ್ಷೆ ನೆಟ್‌ಗೆ ಕೊನೆಯ ವರ್ಷದಲ್ಲೇ ಕೂರಬಹುದು. ಆದರೆ ಎಂಎಸ್ಸಿಯಲ್ಲಿ ಶೇ. 55 ಬೇಕು, ಮೀಸಲಾತಿ ಇರುವ ಹೆಚ್ಚಿನವರಿಗೆ 50. ಮೊದಲ ಸೆಮಿಸ್ಟರಿನಲ್ಲಿ ಕಳೆದುಕೊಂಡ ಅಂಕ ಆಮೇಲೆ ಹೊಂದಿಸುವುದು ಕಷ್ಟ. ಆ ಸಂಶೋಧನಾ ವೇತನ, ಅಂದರೆ ಜೆಆರ್‌ಎಫ್, ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ಎಲ್ಲಿ ಓದಿದೆ ಅಂತ ಆ ಪರೀಕ್ಷೆ ಕೇಳುವುದಿಲ್ಲ.

ಶುಲ್ಕ ಕಟ್ಟುವ ಮೊದಲು ಒಂದು ವಾರದ ದಿನ, ಮಧ್ಯಾಹ್ನ ಮೂರರ ಹೊತ್ತಿಗೆ, ವಿಭಾಗಕ್ಕೆ ಹೋಗಿ ಬಾ. ಲ್ಯಾಬಿನ ಸಾಮಾನನ್ನು ಹಬೆಯಲ್ಲಿ ಕ್ರಿಮಿಮುಕ್ತ ಮಾಡುವ ಆಟೋಕ್ಲೇವ್ ಮುಟ್ಟಿ ನೋಡು, ಬಿಸಿ ಇದೆಯಾ, ಅದರ ಮೇಲೆ ಧೂಳು ಕೂತಿದೆಯಾ. ನೋಡಿದ್ದನ್ನು ನನಗೆ ಬರೆ.

ನಿನ್ನ ದೊಡ್ಡಪ್ಪ