ಮಗಳಿಗೊಂದು ಪತ್ರ: ಹೊಸಿಲ ಹತ್ತಿರ ಕೈ ಎಳೆಯಬೇಡ

ಪುಟ್ಟಿ,

ನಿನ್ನ ಹಳೇ ಗೆರೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಬಿಳಿ ಹಾಳೆಯಲ್ಲಿ ಬರೆದರೆ ಸಾಲು ಮುಗಿಯುವಷ್ಟರಲ್ಲಿ ಅಕ್ಷರ ಸಾಸಿವೆ ಕಾಳಾಗಿಬಿಡುತ್ತದೆ. ಇದೂ ಪಾರ್ಕಿನ್ಸನ್ಸ್ ಕಾಯಿಲೆಯದೇ ಕೆಲಸ. ಗೆರೆ ಇದ್ದರೆ ಕೈಗೆ ಒಂದು ಅಳತೆ ಸಿಗುತ್ತದೆ. ಕಾಲಿನ ವಿಷಯವೂ ಹಾಗೇ, ಅದನ್ನು ಹೇಳೋಕೇ ಈ ಪತ್ರ.

ಗೌರಿ ಹಬ್ಬದ ಹಿಂದಿನ ದಿನ ದೇವರಾಜ ಮಾರ್ಕೆಟ್ಟಿನಲ್ಲಿ ಆಗಿದ್ದು ನಿನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ ಅಂತ ನನಗೆ ಗೊತ್ತು. ಹೂವಿನ ಸಾಲಿನಿಂದ ಬಾಳೆಹಣ್ಣಿನ ಕಡೆಗೆ ತಿರುಗುವಾಗ ನಾನು ನಿಂತುಬಿಟ್ಟೆ. ಹಿಂದೆ ಜನ ನೂಕುತ್ತಿದ್ದರು, ನೀನು ಗಾಬರಿಯಾಗಿ "ಬಾಮ್ಮ ಬೇಗ" ಅಂತ ಕೈ ಹಿಡಿದು ಎಳೆದೆ, ಮೈ ಮುಂದಕ್ಕೆ ಬಂತು, ಕಾಲು ಅಲ್ಲೇ ಉಳೀತು. ಹೂವಿನಮ್ಮ ಹಿಡಿದುಕೊಳ್ಳದಿದ್ದರೆ ಬಿದ್ದೇ ಹೋಗುತ್ತಿದ್ದೆ. ಆಟೋದಲ್ಲಿ ಮನೆ ಬರೋವರೆಗೂ ನೀನು ಅತ್ತೆ. ತಪ್ಪು ನಿನ್ನದಲ್ಲ ಕಣೇ. ನಾನು ನಿನಗೆ ಹೇಳಿಯೇ ಇರಲಿಲ್ಲ ಅಲ್ವಾ?

ನೀನು ನಡೆಯುವಾಗ ಹೆಜ್ಜೆಯ ಬಗ್ಗೆ ಯೋಚನೆ ಮಾಡಲ್ಲ. ಮಿದುಳಿನ ಆಳದಲ್ಲಿರುವ ಒಂದು ಭಾಗ ಅದನ್ನು ತಾನಾಗೇ ನೋಡಿಕೊಳ್ಳುತ್ತದೆ. ನನ್ನಂಥವರಲ್ಲಿ ಅಲ್ಲಿಗೆ ಡೋಪಮಿನ್ ಅನ್ನುವ ರಾಸಾಯನಿಕ ಒದಗಿಸುವ ಜೀವಕೋಶಗಳೇ ಸಾಯುತ್ತಾ ಬಂದಿರುತ್ತವೆ. ಕಾಲಿನಲ್ಲಿ ಬಲ ಇರುತ್ತದೆ, ಹೊರಡು ಅನ್ನುವ ಮಾತು ಸರಿಯಾಗಿ ತಲುಪಲ್ಲ. ಬಾಗಿಲು, ತಿರುವು, ಇಕ್ಕಟ್ಟು ಜಾಗ, ಅವಸರ, ಇವು ಬಂದರೆ ಪಾದ ನೆಲಕ್ಕೆ ಅಂಟಿದ ಹಾಗಾಗುತ್ತದೆ.

ಹಾಗಾಗಿ ಈಗ ನಡಿಗೆಯನ್ನು ಯೋಚನೆ ಮಾಡಿ ಮಾಡಬೇಕು. ಇದನ್ನು ಫಿಸಿಯೋಥೆರಪಿಯ ಹುಡುಗಿ ಕಲಿಸಿಕೊಟ್ಟಳು. ಬೆಳಿಗ್ಗೆ ಮಾತ್ರೆ ತೆಗೆದುಕೊಂಡು, ಅದು ಹಿಡಿದ ಮೇಲೆ, ಹಾಲ್‌ನಲ್ಲಿ ಕುರ್ಚಿ ಮೇಲೆ ಎರಡೂ ಪಾದ ಊರಿ ಕೂರುತ್ತೇನೆ. ಕಣ್ಣು ಮುಚ್ಚುತ್ತೇನೆ. ಅಡುಗೆಮನೆಯಿಂದ ಬೀದಿ ಬಾಗಿಲಿನವರೆಗೆ ಮನಸ್ಸಿನಲ್ಲೇ ನಡೆಯುತ್ತೇನೆ. ದೂರದಿಂದ ಯಾರೋ ನನ್ನನ್ನು ನೋಡುತ್ತಿರುವ ಹಾಗೆ ಅಲ್ಲ, ನಾನೇ ಒಳಗಿದ್ದು. ಭಾರ ಎಡಗಾಲಿಗೆ ಬಂತು, ಬಲಗಾಲು ಎತ್ತಿದೆ, ಹಿಮ್ಮಡಿ ಮೊದಲು ನೆಲಕ್ಕೆ ತಾಗಿತು, ರೆಡ್ ಆಕ್ಸೈಡ್ ನೆಲದ ತಣ್ಣಗಿನ ನುಣುಪು, ಕೈ ಬೀಸಿತು, ಒಂದು, ಎರಡು. ಹೊಸಿಲು ಬಂದಾಗ ಕಾಲನ್ನು ಅದರ ಮೇಲಿಂದ ದಾಟಿಸುವುದನ್ನು ಮೂರು ನಾಲ್ಕು ಸಲ ಮಾಡುತ್ತೇನೆ, ಯಾಕೆಂದರೆ ಅಲ್ಲೇ ನಾನು ಜಾಸ್ತಿ ನಿಲ್ಲುವುದು. ಆಮೇಲೆ ಎದ್ದು ಅದೇ ದಾರಿಯನ್ನು ನಿಜವಾಗಿ ನಡೆಯುತ್ತೇನೆ. ಅಪ್ಪ ಗಡಿಯಾರ ಹಿಡಿದಿರುತ್ತಾರೆ. ಮನಸ್ಸಿನ ನಡಿಗೆಗೆ 14 ಸೆಕೆಂಡ್, ಕಾಲಿನ ನಡಿಗೆಗೆ 20 ಬಂದರೆ ಮನಸ್ಸು ಓಡಿಬಿಟ್ಟಿದೆ ಅಂತ ಲೆಕ್ಕ. ಮತ್ತೆ ಕೂತು ನಿಧಾನವಾಗಿ ಮಾಡುತ್ತೇನೆ.

ನಂಗೆ ಇದು ಹೊಸದು ಅನ್ನಿಸಲೇ ಇಲ್ಲ. 15ರಿಂದ 8ರವರೆಗಿನ ಎಡೆಚುಕ್ಕಿ ರಂಗೋಲಿ ಹಾಕುವಾಗ, ಹಿಟ್ಟು ಬೆರಳಿಗೆ ತೆಗೆದುಕೊಳ್ಳುವ ಮುಂಚೆ ಗೆರೆ ಎಲ್ಲಿ ಸುತ್ತಿ ಎಲ್ಲಿ ಕೂಡುತ್ತೆ ಅಂತ ಕಣ್ಣಲ್ಲೇ ಎಳೆದುಕೊಳ್ಳುತ್ತಿದ್ದೆನಲ್ಲ, ನೀನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು "ಶುರು ಮಾಡಮ್ಮ" ಅಂತ ಅವಸರ ಮಾಡುತ್ತಿದ್ದೆ. ಅದೇ ಇದು. ನಡಿಗೆಯನ್ನು ಕಲ್ಪಿಸಿಕೊಂಡಾಗ, ನಡಿಗೆಯನ್ನು ಯೋಜಿಸುವ ಮಿದುಳಿನ ಎಷ್ಟೋ ಭಾಗಗಳು ಆಗಲೂ ಕೆಲಸ ಮಾಡುತ್ತವಂತೆ.

ಇಷ್ಟಕ್ಕೇ ಕಾಯಿಲೆ ವಾಸಿಯಾಗುತ್ತೆ ಅಂದುಕೊಳ್ಳಬೇಡ. ಅಪ್ಪ ಕೇಳಿ ತಿಳಿದುಕೊಂಡಿದ್ದಾರೆ. 2007ರಲ್ಲಿ ಬಂದ ಇಸ್ರೇಲಿನ ಒಂದು ಸಣ್ಣ ಅಧ್ಯಯನದಲ್ಲಿ, ವ್ಯಾಯಾಮದ ಜೊತೆ ಈ ಕಲ್ಪನೆಯನ್ನೂ ಮಾಡಿದವರ ಚಲನೆ ಬರೀ ವ್ಯಾಯಾಮ ಮಾಡಿದವರಿಗಿಂತ ಚುರುಕಾಯಿತು. 2011ರಲ್ಲಿ ನೆದರ್ಲೆಂಡ್ಸ್‌ನಲ್ಲಿ 47 ಜನರನ್ನು ಎರಡು ಗುಂಪು ಮಾಡಿ ನೋಡಿದಾಗ, ಸುಮ್ನೆ ಮೈ ಸಡಿಲ ಬಿಟ್ಟು ವಿಶ್ರಾಂತಿ ಪಡೆದವರಿಗೂ ಕಲ್ಪನೆ ಮಾಡಿದವರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಮಾತ್ರೆ ಹೊತ್ತಿಗೆ ಸರಿಯಾಗಿ ಬೇಕು, ನಿಜವಾದ ನಡಿಗೆಯೂ ಬೇಕು. ಆದರೆ ನನಗೆ ಉಪಯೋಗ ಆಗಿದೆ. ದಸರಾ ಮುಗಿದ ಮೇಲೆ ಬಚ್ಚಲುಮನೆ ಬಾಗಿಲಲ್ಲಿ ನಾನು ನಿಂತಿದ್ದು ಎರಡೇ ಸಲ. ಅಪ್ಪ ಅಲ್ಲಿ ಹೆಜ್ಜೆಗೊಂದರಂತೆ ಬಿಳಿ ಟೇಪನ್ನೂ ಅಂಟಿಸಿದ್ದಾರೆ, ಪ್ರತಿ ಗೆರೆಯನ್ನೂ ದಾಟುತ್ತೇನೆ. ಎಷ್ಟು ಕಲ್ಪನೆಯಿಂದ, ಎಷ್ಟು ಟೇಪಿನಿಂದ ಅಂತ ಬಿಡಿಸಿ ಹೇಳೋಕೆ ಬರಲ್ಲ, ನನಗೆ ಬೇಕಾಗಿಯೂ ಇಲ್ಲ.

ಸಂಕ್ರಾಂತಿಗೆ ಬರುತ್ತೀಯಲ್ಲ, ಆಗ ನನಗೆ ನಿನ್ನಿಂದ ಒಂದೇ ಒಂದು ಬೇಕು. ನಾನು ನಿಂತುಬಿಟ್ಟರೆ ಎಳೆಯಬೇಡ, "ಬೇಗ" ಅನ್ನಬೇಡ, ಆಗ ಮಾತೂ ಆಡಿಸಬೇಡ. ಮಾತಿಗೆ ಗಮನ ಹೋದರೆ ಹೆಜ್ಜೆ ತಪ್ಪುತ್ತದೆ. ಪಕ್ಕದಲ್ಲಿ ನಿಂತುಕೋ. ನಾನು ಉಸಿರು ಬಿಟ್ಟು, ಭಾರವನ್ನು ಆ ಕಾಲಿಂದ ಈ ಕಾಲಿಗೆ ಹಾಕಿ, ಮೊದಲ ಹೆಜ್ಜೆಯನ್ನು ಒಳಗೇ ಇಟ್ಟು ನೋಡುತ್ತಿರುತ್ತೇನೆ. ಅರ್ಧ ನಿಮಿಷ ಸಾಕು. ಆಗಲೂ ಹೊರಡದಿದ್ದರೆ ನಿನ್ನ ಪಾದವನ್ನು ನನ್ನ ಪಾದದ ಮುಂದೆ ಅಡ್ಡ ಇಡು, ಅದನ್ನು ದಾಟಿಕೊಂಡು ಬರುತ್ತೇನೆ.

ಕುಕ್ಕರಹಳ್ಳಿ ಕೆರೆಗೆ ಹೋಗೋಣ. ಈಗ ದಿನಾ ಮಧ್ಯಾಹ್ನ ಕಣ್ಣು ಮುಚ್ಚಿ ಅಲ್ಲೇ ನಡೆಯುತ್ತಿದ್ದೇನೆ, ಗೇಟಿನಿಂದ ಮೊದಲನೇ ಕಲ್ಲುಬೆಂಚಿನವರೆಗೆ. ನಿನ್ನ ವಾಕಿಂಗ್ ಶೂ ತರೋದು ಮರೀಬೇಡ.

ನಿನ್ನ ಅಮ್ಮ
ಸರಸ್ವತಿಪುರಂ, ಮೈಸೂರು